ಹಳದಿ ಚೀಟಿಗೆ ಹೋದ ಕೆಲಸ

ನಮ್ಮ ಬಡಾವಣೆಯ ಚಾರ್ಟರ್ ಶಾಲೆಯ ಆಡಳಿತ ಮಂಡಳಿಯ ಅಧ್ಯಕ್ಷರಿಗೆ,

ಮಾನ್ಯರೇ,

ಮಾರ್ಚ್ ತಿಂಗಳ ಎರಡನೇ ಮಂಗಳವಾರ, ಮಧ್ಯಾಹ್ನ ಎರಡು ಗಂಟೆಗೆ, ನಿಮ್ಮ ಶಾಲೆಯ ಮೂರನೇ ತರಗತಿಯ ಟೀಚರ್ ಮಿಸ್ ಕ್ರೆನ್ಷಾ ಅವರನ್ನು ಪಾಠದ ನಡುವೆಯೇ ಹೊರಗೆ ಕರೆದಿರಿ. ಕೈಗೊಂದು ರಟ್ಟಿನ ಡಬ್ಬ ಕೊಟ್ಟು, ಕಾವಲಿನವನ ಜೊತೆ ಅವರ ಕಾರಿನವರೆಗೆ ನಡೆಸಿ ಕಳಿಸಿದಿರಿ. ಇಪ್ಪತ್ತಾರು ಮಕ್ಕಳು ಕಿಟಕಿಯಿಂದ ನೋಡುತ್ತಿದ್ದರು. ಅವರಲ್ಲಿ ಒಬ್ಬಳು ನನ್ನ ಮೊಮ್ಮಗಳು. ಯಾಕೆ ತೆಗೆದಿರಿ? ನಾನು ಕೇಳುವುದು ಇದೊಂದೇ ಪ್ರಶ್ನೆ, ಮತ್ತು ಐದು ವಾರದಿಂದ ಕೇಳುತ್ತಲೇ ಇದ್ದೇನೆ. ಫೋನ್ ಮಾಡಿ ಕೇಳಿದೆ, ಕಚೇರಿಗೆ ಹೋಗಿ ಕೇಳಿದೆ, ಕೊನೆಗೆ ನಿಮ್ಮ ಮಂಡಳಿಯ ಸಭೆಗೇ ಬಂದು ಕೇಳಿದೆ. ಅಲ್ಲಿ ಸಾರ್ವಜನಿಕರಿಗೆ ತಲಾ ಎರಡು ನಿಮಿಷ. ನಾನು ಮಾತಾಡುವಷ್ಟು ಹೊತ್ತೂ ತಾವು ಗಡಿಯಾರವನ್ನೇ ನೋಡುತ್ತಿದ್ದಿರಿ. "ಧನ್ಯವಾದ, ಮುಂದಿನವರು" ಎಂದಿರಿ. ಮುಂದಿನವರು ಯಾರೂ ಇರಲಿಲ್ಲ ಸ್ವಾಮಿ, ಸಭೆಗೆ ಬಂದಿದ್ದವಳು ನಾನೊಬ್ಬಳೇ. ಆದ್ದರಿಂದ ಈಗ ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ.

ನಾನು ಯಾರೆಂದು ಗೊತ್ತಿಲ್ಲ ಎನ್ನುವ ಹಾಗಿಲ್ಲ. ನಿಮ್ಮ ಶಾಲೆಯ ಕರಪತ್ರದ ಎರಡನೇ ಪುಟದಲ್ಲಿ, ಭಾನುವಾರ ಚರ್ಚಿಗೆ ಹಾಕುವ ನೀಲಿ ಹ್ಯಾಟ್ ಏರಿಸಿಕೊಂಡು ಬಾಯ್ತುಂಬ ನಗುತ್ತಿರುವ ಹೆಂಗಸು ನಾನೇ. ಫೋಟೋದ ಕೆಳಗೆ ದಪ್ಪ ಅಕ್ಷರದಲ್ಲಿ ನನ್ನ ಮಾತಿದೆ: "ನಮಗೆ ಟೀಚರುಗಳ ಸಂಘ ಬೇಡ, ಮಕ್ಕಳ ಮೇಲೆ ಪ್ರೀತಿ ಇರುವ ಟೀಚರು ಬೇಕು." ಒಂಬತ್ತು ವರ್ಷದ ಹಿಂದೆ, ಈ ಶಾಲೆಗೆ ಪರವಾನಗಿ ಕೊಡುವ ವಿಚಾರಣೆಯಲ್ಲಿ, ಮೈಕಿನ ಮುಂದೆ ನಿಂತು ನಾನು ಹೇಳಿದ ಮಾತದು. ಯಾರೂ ನನ್ನ ಬಾಯಿಗೆ ತುರುಕಿದ್ದಲ್ಲ. ಚಪ್ಪಾಳೆ ಬಿದ್ದಿತ್ತು. ಮನೆಗೆ ಬಂದು ಕನ್ನಡಿಯ ಮುಂದೆ ನಿಂತು ಇನ್ನೊಂದು ಸಲ ಹೇಳಿಕೊಂಡಿದ್ದೆ, ಅಷ್ಟು ಹೆಮ್ಮೆ ನನಗೆ.

ಯಾಕೆ ಹಾಗೆ ಹೇಳಿದೆ ಎನ್ನುವುದನ್ನೂ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಈ ಪತ್ರ ಅರ್ಧ ಸುಳ್ಳಾಗುತ್ತದೆ. ನನ್ನ ಕಿರಿಯ ಮಗ ನಾಲ್ಕನೇ ತರಗತಿಯಲ್ಲಿದ್ದಾಗ ಅವನಿಗೊಬ್ಬ ಮೇಷ್ಟ್ರಿದ್ದರು. ಬೆಳಿಗ್ಗೆ ಬಂದು ಪೇಪರ್ ಬಿಡಿಸಿದರೆ ಆ ಪೇಪರಿನ ಹಿಂದೆಯೇ ನಿದ್ದೆ ಹೋಗುತ್ತಿದ್ದರು. ನಾಲ್ಕು ಸಲ ದೂರು ಕೊಟ್ಟೆ, ಟೀಚರುಗಳ ಸಂಘ ಅಡ್ಡ ನಿಲ್ಲುತ್ತದೆ, ತೆಗೆಯಲಾಗದು ಎಂದರು. ಕೊನೆಗೆ ಅವರನ್ನು ಇನ್ನೊಂದು ಶಾಲೆಗೆ ವರ್ಗ ಮಾಡಿದರು, ಅಂದರೆ ಇನ್ನೊಬ್ಬ ತಾಯಿಯ ತಲೆಗೆ ಕಟ್ಟಿದರು. ಆ ಸಿಟ್ಟು ನನ್ನ ಹೊಟ್ಟೆಯಲ್ಲಿ ವರ್ಷಗಟ್ಟಲೆ ಇತ್ತು. ಆಮೇಲೆ ನಮ್ಮ ಹಳೆಯ ಶಾಲೆಯ ಸೂರು ಸೋರಿ, ಕಿಟಕಿಗಳಿಗೆ ಹಲಗೆ ಹೊಡೆದು ಮುಚ್ಚಿದರು. ಆಗ ನಿಮ್ಮವರು ಬಂದರು. ನಮ್ಮ ಚರ್ಚಿನ ನೆಲಮಾಳಿಗೆಯಲ್ಲಿ, ಹುರಿದ ಕೋಳಿಯ ತಟ್ಟೆಗಳನ್ನು ಸಾಲಾಗಿ ಇಟ್ಟು, ನಮಗೆ ಲೋಕ ತೋರಿಸಿದರು. ದುಡ್ಡು ಸರ್ಕಾರದ್ದು, ಆದರೆ ಆಡಳಿತ ಸರ್ಕಾರದ್ದಲ್ಲ, ನಮ್ಮದೇ ಒಂದು ಮಂಡಳಿಯದು. ಶುಲ್ಕ ಇಲ್ಲ, ಚೀಟಿ ಎತ್ತಿ ಸೀಟು. ಸಂಘದ ಕಾಟವೂ ಇಲ್ಲ, ಕೆಟ್ಟ ಟೀಚರು ಸಿಕ್ಕಿದರೆ ಬೆಳಿಗ್ಗೆ ತೆಗೆದು ಮಧ್ಯಾಹ್ನಕ್ಕೆ ಹೊಸಬರನ್ನು ತರುತ್ತೇವೆ. ಆ ಕೊನೆಯ ಮಾತಿಗೆ ಎಲ್ಲರಿಗಿಂತ ಗಟ್ಟಿಯಾಗಿ ಚಪ್ಪಾಳೆ ತಟ್ಟಿದವಳು ನಾನು. ಬೆಳಿಗ್ಗೆ ತೆಗೆಯುವುದಕ್ಕೆ ಕೆಟ್ಟ ಟೀಚರೇ ಆಗಬೇಕಿಲ್ಲ ಎನ್ನುವುದು ಆಗ ನನ್ನ ತಲೆಗೆ ಹೋಗಲಿಲ್ಲ.

ಇದರಲ್ಲಿ ನಾಚಿಕೆಗೇಡಿನ ವಿಷಯ ಇನ್ನೊಂದಿದೆ. ನಾನು ಈ ಡೆಟ್ರಾಯಿಟ್ ಊರಿನಲ್ಲಿ ಮೂವತ್ತೊಂದು ವರ್ಷ ನಗರದ ಬಸ್ಸು ಓಡಿಸಿದವಳು. ಮೂವತ್ತೊಂದು ವರ್ಷವೂ ಚಾಲಕರ ಸಂಘದ ಸದಸ್ಯೆ. ಆ ವಿಚಾರಣೆಯ ದಿನ ಡಿಪೋದಿಂದ ಸೀದಾ ಬಂದಿದ್ದೆ. ಟೋಪಿಯ ಮೇಲೆ ಸಂಘದ ಬಿಲ್ಲೆ ಇತ್ತು. ಬಾಗಿಲಲ್ಲಿ ಟೋಪಿ ತೆಗೆದು ಚೀಲಕ್ಕೆ ತುರುಕಿ, ಈ ನೀಲಿ ಹ್ಯಾಟ್ ಹಾಕಿಕೊಂಡು ಒಳಗೆ ಹೋದೆ. ನನ್ನ ಅನ್ನಕ್ಕೆ ಸಂಘ ಬೇಕು, ನನ್ನ ಮಕ್ಕಳಿಗೆ ಅಕ್ಷರ ಕಲಿಸುವವಳಿಗೆ ಬೇಡ! ಇದಕ್ಕೆ ಏನನ್ನಬೇಕೋ ಅನ್ನಿ, ಕೇಳಿಸಿಕೊಳ್ಳುತ್ತೇನೆ.

ಸಂಘದಲ್ಲಿರುವವರೆಲ್ಲ ಸಂತರು ಎಂದು ನಾನು ಹೇಳುವುದಿಲ್ಲ. ನಮ್ಮ ಡಿಪೋದಲ್ಲಿ ರೂಫಸ್ ಎಂಬೊಬ್ಬನಿದ್ದ. ನದಿಯಲ್ಲಿ ಮೀನು ಬರುವ ಕಾಲಕ್ಕೆ ಸರಿಯಾಗಿ ಅವನಿಗೆ ಬೆನ್ನುನೋವು ಬರುತ್ತಿತ್ತು. ಎಷ್ಟು ಕರಾರುವಾಕ್ಕು ಅಂದರೆ, ಅವನ ಬೆನ್ನು ಹಿಡಿಯಿತು ಎಂದು ಕೇಳಿದ ತಕ್ಷಣ ನನ್ನ ಗಂಡ ಗಾಳ ಹುಡುಕುತ್ತಿದ್ದ. ಅಂಥವರು ಇದ್ದರು. ಆದರೆ ನನಗೂ ಒಂದು ದಿನ ಬಂತು. ನೌಕರಿಗೆ ಸೇರಿದ ಹದಿನಾಲ್ಕನೇ ವರ್ಷ, ಹಿಮ ಬೀಳುತ್ತಿದ್ದ ದಿನ, ಗಾಲಿಕುರ್ಚಿಯ ಒಬ್ಬರನ್ನು ಬೇಕೆಂದೇ ನಿಲ್ದಾಣದಲ್ಲಿ ಬಿಟ್ಟುಹೋದೆ ಎಂದು ಯಾರೋ ನನ್ನ ಮೇಲೆ ದೂರು ಕೊಟ್ಟರು. ನನ್ನನ್ನು ಗಾಡಿಯಿಂದ ಇಳಿಸಿದರು. ಅಳುತ್ತಾ ಕೂತಿದ್ದೆ. ನಮ್ಮ ಸಂಘದ ಪ್ರತಿನಿಧಿ, ದಡೂತಿ ಹೊರೇಸ್, ಬಂದು ಪಕ್ಕದ ಬೆಂಚು ಮುರಿಯುವ ಹಾಗೆ ಕೂತ.

"ಅಳೋದು ಆಮೇಲೆ ಇಟ್ಕೋ ವರ್ನೀಟಾ," ಎಂದ. "ಮೊದ್ಲು ಅವ್ರು ಯಾಕೆ ಅಂತ ಕಾಗದದ ಮೇಲೆ ಕೊಡ್ಲಿ. ಕಾಗ್ದ ಬರೋವರ್ಗೂ ಬಾಯಿ ಮುಚ್ಕೊಂಡಿರು. ನಿಂಗೆ ಅದು ಕಷ್ಟ ಅಂತ ನಂಗೊತ್ತು."

ಕಾಗದ ಬಂತು. ದೂರು ಕೊಟ್ಟವರು ಬರೆದ ಗಾಡಿ ನಂಬರು ನನ್ನದಾಗಿರಲಿಲ್ಲ. ಒಂಬತ್ತನೇ ದಿನಕ್ಕೆ ನಾನು ಮತ್ತೆ ಸ್ಟೀರಿಂಗ್ ಹಿಡಿದೆ. ಸ್ವಾಮಿ, ಅದೇ ನಂಬರು ನನ್ನದಾಗಿದ್ದರೆ ನನ್ನ ಕೆಲಸ ಹೋಗುತ್ತಿತ್ತು, ಹೋಗಬೇಕಾಗಿಯೂ ಇತ್ತು. ಕುಡಿದು ಗಾಡಿ ಹತ್ತಿದ ಒಬ್ಬನ ಕೆಲಸ ಹೊರೇಸ್ ಪಕ್ಕದಲ್ಲಿ ಕೂತಿದ್ದಾಗಲೇ ಹೋಯಿತು. ಕೆಲಸದ ಭದ್ರತೆ ಅಂದರೆ ಇಷ್ಟೇ. ಕುರ್ಚಿಗೆ ಅಂಟಿಕೊಂಡು ನಿದ್ದೆ ಮಾಡುವ ಹಕ್ಕಲ್ಲ. ಯಾಕೆ ಎಂದು ಕೇಳಿದಾಗ ಎದುರಿಗಿರುವವನು ಉತ್ತರ ಕೊಡಲೇಬೇಕು ಎಂಬ ನಿಯಮ. ಬಸ್ಸು ಓಡಿಸುವವಳಿಗೆ ಇದ್ದ ಈ ನಿಯಮ ಮಕ್ಕಳಿಗೆ ಓದಲು ಕಲಿಸುವವಳಿಗೆ ಯಾಕಿಲ್ಲ? ಮಕ್ಕಳಿಗಿಂತ ಬಸ್ಸು ಹೆಚ್ಚು ಬೆಲೆಬಾಳುತ್ತದೆಯೇ?

ಈಗ ಮಿಸ್ ಕ್ರೆನ್ಷಾ ವಿಷಯಕ್ಕೆ ಬರುತ್ತೇನೆ. ನನ್ನ ಮೊಮ್ಮಗಳು ಜೋನೆಲ್‌ಗೆ ಎಂಟು ವರ್ಷ. ಅವಳ ತಾಯಿ ಆಸ್ಪತ್ರೆಯಲ್ಲಿ ಎರಡು ಪಾಳಿ ದುಡಿಯುತ್ತಾಳೆ, ಹಾಗಾಗಿ ಮಗು ನನ್ನ ಬಳಿಯೇ ಬೆಳೆಯುತ್ತಿದೆ. ಎರಡನೇ ತರಗತಿಯಲ್ಲಿ ಅವಳಿಗೆ ಒಂದೇ ವರ್ಷದಲ್ಲಿ ಮೂವರು ಟೀಚರುಗಳು ಬದಲಾದರು, ನಿಮ್ಮ ಮಾತಿನಂತೆ ಬೆಳಿಗ್ಗೆ ಒಬ್ಬರು, ಮಧ್ಯಾಹ್ನ ಒಬ್ಬರು. ಮೂವರೂ ಅವಳ ಪ್ರಗತಿಪತ್ರದಲ್ಲಿ "ಚೆನ್ನಾಗಿ ಓದುತ್ತಾಳೆ" ಎಂದು ಬರೆದರು. ಓದಲು ಬರುತ್ತಿರಲಿಲ್ಲ ಅವಳಿಗೆ! ಬೇರೆ ಮಕ್ಕಳು ಓದುವುದನ್ನು ಕೇಳಿ, ಪುಟಪುಟವನ್ನೇ ಬಾಯಿಪಾಠ ಮಾಡಿ, ಬೆರಳು ಸಾಲಿನ ಕೆಳಗೆ ಸರಿಸುತ್ತಾ ಒಪ್ಪಿಸುತ್ತಿದ್ದಳು. ನಾನೂ ಮೋಸ ಹೋಗಿದ್ದೆ. ಕಂಡುಹಿಡಿದದ್ದು ಮಿಸ್ ಕ್ರೆನ್ಷಾ, ಅದೂ ಸೆಪ್ಟೆಂಬರಿನ ಎರಡನೇ ವಾರದಲ್ಲಿ, ಚಿತ್ರಗಳ ಮೇಲೆ ಕಾಗದ ಮುಚ್ಚಿ, ಪುಟಗಳನ್ನು ಹಿಂದುಮುಂದು ಮಾಡಿ. ಬೇರೆ ಯಾರಾದರೂ ಆಗಿದ್ದರೆ ಬೈಯುತ್ತಿದ್ದರು. ಅವರು ಏನಂದರು ಎಂದು ಜೋನೆಲ್ ನನಗೆ ಅಕ್ಷರಶಃ ಒಪ್ಪಿಸಿದಳು, ಆ ಕಲೆ ಅವಳಿಗೆ ಕರಗತ ತಾನೆ.

"'ನೀನು ಓದ್ತಿಲ್ಲ ಪುಟ್ಟಿ, ನೆನಪಲ್ಲಿ ಇಟ್ಕೊಂಡು ಹೇಳ್ತಿದೀಯ. ಅದಕ್ಕೆ ಓದೋದಕ್ಕಿಂತ ಜಾಸ್ತಿ ಬುದ್ಧಿ ಬೇಕು. ಬಾ, ಸುಲಭದ್ದನ್ನ ಕಲಿಯೋಣ' ಅಂದ್ರು ಅಜ್ಜಿ."

ಅಂದಿನಿಂದ ದಿನವೂ ಶಾಲೆ ಶುರುವಾಗುವ ಅರ್ಧ ಗಂಟೆ ಮೊದಲು ಜೋನೆಲ್‌ಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಓದಿಸಿದರು. ಯಾರೂ ಹೇಳಿದ್ದಲ್ಲ, ನಿಮ್ಮ ಸಂಬಳದ ಲೆಕ್ಕದಲ್ಲೂ ಅದಿಲ್ಲ. ಜನವರಿಯ ಒಂದು ಬೆಳಿಗ್ಗೆ ನಾನು ಒಲೆಯ ಮುಂದಿದ್ದೆ. ಹಿಂದಿನಿಂದ ಧ್ವನಿ ಬಂತು.

"ಅಜ್ಜೀ, ಈ ಹಂದಿಮಾಂಸದ ಪ್ಯಾಕೆಟ್ ಮೇಲೆ ಉಪ್ಪು ಇಷ್ಟಿದೆ ಅಂತ ಬರ್ದಿದೆ. ನಿನ್ನ ಬಿಪಿಗೆ ಇದು ಆಗಲ್ಲ. ಇಡು ಕೆಳಗೆ."

ಬಾಣಲೆ ಕೆಳಗಿಟ್ಟು ಅವಳನ್ನು ಅಪ್ಪಿಕೊಂಡು ಅತ್ತೆ. ಆಮೇಲೆ ಅದನ್ನೇ ಹುರಿದು ತಿಂದೆ, ಅದು ಬೇರೆ ಮಾತು.

ಫೆಬ್ರವರಿಯಲ್ಲಿ ಒಂದು ಸಂಜೆ ಮಿಸ್ ಕ್ರೆನ್ಷಾ ಜೋನೆಲ್‌ಗೆ ಪುಸ್ತಕ ಕೊಡಲು ನಮ್ಮ ಮನೆಗೆ ಬಂದರು. ಇಪ್ಪತ್ತೊಂಬತ್ತರ ಹುಡುಗಿ, ಕೋಟು ಕೂಡ ತೆಗೆಯದೆ ನಡುಮನೆಯ ಕುರ್ಚಿಯ ಅಂಚಿನಲ್ಲಿ ಕೂತಳು. ಇನ್ನು ಮುಂದೆ 'ಅವಳು' ಎಂದೇ ಬರೆಯುತ್ತೇನೆ, ನನಗೆ ಮಗಳ ಹಾಗೆ.

"ಮಿಸ್ ವರ್ನೀಟಾ, ನೀವು ಬಸ್ಸಿನವರ ಸಂಘದಲ್ಲಿದ್ರಂತೆ?"

"ಇದ್ದೆ. ಯಾಕೆ?"

"ನಾವು ಟೀಚರ್‌ಗಳು ಸಂಘ ಬೇಕು ಅನ್ನೋ ಕಾರ್ಡಿಗೆ ಸಹಿ ಹಾಕಿಸ್ತಿದೀವಿ. ಇಪ್ಪತ್ಮೂರು ಜನದಲ್ಲಿ ಹದಿನಾರು ಜನ ಹಾಕಿದಾರೆ. ಇನ್ನು ಸ್ವಲ್ಪ ದಿನ ಹೋದ್ರೆ ಸಂಘ ಬೇಕೋ ಬೇಡ್ವೋ ಅಂತ ವೋಟು ಕೇಳ್ಬಹುದು."

"ಸಂಬಳಕ್ಕಾ?"

"ಸಂಬಳ ಯಾರಿಗೆ ಬೇಡ? ಆದ್ರೆ ಅದಕ್ಕಲ್ಲ. ಹೀಟರ್ ಕೆಟ್ಟಿದೆ ಅಂತ ಎರಡು ಸಲ ಕೇಳಿದ್ದಕ್ಕೆ ವಿಜ್ಞಾನದ ಟೀಚರ್ ಕೆಲಸ ಹೋಯ್ತು. ಅದಕ್ಕೇ ಹೋಯ್ತು ಅಂತಾನೂ ಹೇಳೋಕಾಗಲ್ಲ, ಯಾಕಂದ್ರೆ ಯಾರೂ ಏನೂ ಹೇಳ್ಲಿಲ್ಲ. ಸೋಮವಾರ ಸೋಮವಾರ ಮಕ್ಳು ಬಾಗಿಲು ನೋಡ್ತಾ ಕೂತಿರ್ತಾವೆ ಮಿಸ್ ವರ್ನೀಟಾ, ಇವತ್ತು ಒಳಗೆ ಬರೋದು ಯಾರು ಅಂತ."

ನನಗೆ ಕರಪತ್ರದ ನೆನಪಾಗಿ ಮುಖ ಬಿಸಿಯಾಯಿತು. ಅವಳಿಗೆ ಹೇಳಿಬಿಟ್ಟೆ. ಅವಳು ನಕ್ಕಳು. "ಗೊತ್ತು. ಆ ಫೋಟೋ ನೋಡೇ ನಿಮ್ಮ ಹತ್ರ ಬರೋಕೆ ಎರಡು ತಿಂಗ್ಳು ಹೆದ್ರಿದ್ದೆ" ಎಂದಳು. ಅಂದು ನನಗೆ ಗೊತ್ತಿದ್ದದ್ದನ್ನೆಲ್ಲ ಹೇಳಿಕೊಟ್ಟೆ. ಅವಳು ಹೋಗುವಾಗ ಗೆಣಸಿನ ಪೈ ಒಂದು ತುಂಡು ಕಟ್ಟಿಕೊಟ್ಟೆ. ಎಷ್ಟೋ ದಿನದ ಮೇಲೆ ಒಂದು ಭಾರ ಇಳಿದ ಹಾಗಿತ್ತು.

ಮುಂದಿನದು ನನ್ನ ತಪ್ಪು. ನಿಮ್ಮ ಶಾಲೆಯ ಕಚೇರಿಯ ಎದುರು "ಮೆಚ್ಚುಗೆಯ ಗೋಡೆ" ಎಂದೊಂದಿದೆ. ಪಕ್ಕದಲ್ಲಿ ಹಳದಿ ಚೀಟಿಗಳ ಬುಟ್ಟಿ. ಪೋಷಕರು ಟೀಚರುಗಳ ಬಗ್ಗೆ ಒಳ್ಳೆಯ ಮಾತು ಬರೆದು ಗೋಡೆಗೆ ಚುಚ್ಚಬೇಕು, ತಿಂಗಳಿಗೊಮ್ಮೆ ಒಂದನ್ನು ಸಭೆಯಲ್ಲಿ ಓದುತ್ತಾರೆ. ಮಾರ್ಚ್ ಆರಂಭದ ಒಂದು ಗುರುವಾರ ಜೋನೆಲ್‌ಳನ್ನು ಬಿಡಲು ಹೋದಾಗ ನಾನೂ ಒಂದು ಚೀಟಿ ಎತ್ತಿಕೊಂಡೆ. ಬರೆದದ್ದು ಇಷ್ಟು: "ಮಿಸ್ ಕ್ರೆನ್ಷಾ ನನ್ನ ಮೊಮ್ಮಗಳಿಗೆ ಓದಲು ಕಲಿಸಿದಳು. ಈಗ ಟೀಚರುಗಳನ್ನೆಲ್ಲ ಒಂದು ಮಾಡಿ ಸಂಘ ಕಟ್ಟುತ್ತಿದ್ದಾಳೆ. ಮೂವತ್ತೊಂದು ವರ್ಷ ಸಂಘದಲ್ಲಿದ್ದವಳಾಗಿ ಹೇಳುತ್ತೇನೆ, ಇಂಥ ಧೈರ್ಯವಂತೆ ನಮ್ಮ ಮಕ್ಕಳಿಗೆ ಸಿಕ್ಕಿದ್ದು ಪುಣ್ಯ." ಕೆಳಗೆ ನನ್ನ ಹೆಸರು, ದೊಡ್ಡದಾಗಿ. ಎಲ್ಲರಿಗೂ ಕಾಣಲೆಂದು ಗೋಡೆಯ ನಡುಮಧ್ಯ ಚುಚ್ಚಿ ಬಂದೆ.

ಅಯ್ಯೋ, ಎಂಥ ಪೆದ್ದಿ ಎಂದು ನೀವು ನಗಬಹುದು. ನಗಿ. ನಮ್ಮ ಡಿಪೋದಲ್ಲಿ ಸಂಘದ ಬಿಲ್ಲೆ ಟೋಪಿಯ ಮೇಲಿರುತ್ತಿತ್ತು, ಸಂಘದ ಸಭೆಯ ನೋಟೀಸು ಬಸ್ಸಿನ ವೇಳಾಪಟ್ಟಿಯ ಪಕ್ಕದಲ್ಲೇ ಅಂಟಿಸಿರುತ್ತಿತ್ತು. ಅವಳು ನನಗೆ "ಯಾರಿಗೂ ಹೇಳ್ಬೇಡಿ" ಎನ್ನಲಿಲ್ಲ, ಯಾಕೆಂದರೆ ಮೂವತ್ತೊಂದು ವರ್ಷ ಸಂಘದಲ್ಲಿದ್ದವಳಿಗೆ ಅಷ್ಟು ಗೊತ್ತಿರುತ್ತದೆ ಅಂದುಕೊಂಡಳು. ನನಗೆ ಗೊತ್ತಿರಲಿಲ್ಲ, ಯಾಕೆಂದರೆ ಆ ಮೂವತ್ತೊಂದು ವರ್ಷದಲ್ಲಿ ಬಚ್ಚಿಡಬೇಕಾದ ಪ್ರಮೇಯವೇ ನನಗೆ ಬಂದಿರಲಿಲ್ಲ. ನನ್ನ ಭದ್ರತೆ ನನ್ನನ್ನು ಅಷ್ಟು ದಡ್ಡಳನ್ನಾಗಿ ಮಾಡಿತ್ತು. ಭಯದಲ್ಲಿ ಕೆಲಸ ಮಾಡುವವರ ನಡುವೆ ಹೋಗಿ, ಭಯವೇ ಗೊತ್ತಿಲ್ಲದವಳ ಹಾಗೆ ಗಟ್ಟಿಯಾಗಿ ಹೊಗಳಿ ಬಂದೆ.

ಗುರುವಾರ ಚುಚ್ಚಿದ ಚೀಟಿ ಸೋಮವಾರ ಗೋಡೆಯ ಮೇಲಿರಲಿಲ್ಲ. ಮಂಗಳವಾರ ಮಧ್ಯಾಹ್ನ ಎರಡರ ಮೇಲೆ ಅವಳು ತರಗತಿಯಲ್ಲಿರಲಿಲ್ಲ. ಬುಧವಾರ ಬೆಳಿಗ್ಗೆ ನಾನು ನಿಮ್ಮ ಪ್ರಿನ್ಸಿಪಾಲರ ಕೋಣೆಯಲ್ಲಿದ್ದೆ. ಪಾಪ, ಅವರೂ ಹುಡುಗರೇ, ಇನ್ನೂ ಮೂವತ್ತೈದು ದಾಟಿಲ್ಲ.

"ಯಾಕೆ ತೆಗೆದ್ರಿ?" ಎಂದೆ.

"ಸಿಬ್ಬಂದಿ ವಿಷಯ ನಾನು ಮಾತಾಡೋ ಹಾಗಿಲ್ಲ ಮೇಡಮ್."

"ನನ್ನ ಚೀಟಿ ಎಲ್ಲಿ ಹೋಯ್ತು?"

"ಗೋಡೆನ ವಾರಕ್ಕೊಂದ್ಸಲ ಸ್ವಚ್ಛ ಮಾಡ್ತೀವಿ."

"ಓಹೋ! ಕ್ರಿಸ್‌ಮಸ್‌ನಲ್ಲಿ ಹಾಕಿದ ಚೀಟಿ ಇನ್ನೂ ಅಲ್ಲೇ ಇದ್ಯಲ್ಲಪ್ಪ. ಅದರ ಮೇಲೆ ನಿನ್ನ ಸ್ವಚ್ಛತೆ ಬೀಳ್ಲಿಲ್ವಾ?"

ಅವರು ಮೇಜಿನ ಮೇಲಿನ ಪೆನ್ನುಗಳನ್ನು ಜೋಡಿಸತೊಡಗಿದರು. "ಕಾರಣ ಹೇಳೋ ಅಗತ್ಯ ಅವ್ರ ಒಪ್ಪಂದದಲ್ಲಿಲ್ಲ ಮಿಸೆಸ್ ಹ್ಯಾಲಿಬರ್ಟನ್."

"ಅಗತ್ಯ ಇಲ್ವೋ, ಕಾರಣಾನೇ ಇಲ್ವೋ?"

ಎದ್ದು ಬಾಗಿಲು ಮುಚ್ಚಿ ಬಂದರು. ದನಿ ಇಳಿಸಿದರು. "ದಯವಿಟ್ಟು ಬಿಟ್ಬಿಡಿ. ನನ್ನ ಒಪ್ಪಂದಾನೂ ಅದೇ ಥರ ಇದೆ."

ಆ ಮನುಷ್ಯನ ಮೇಲಿದ್ದ ನನ್ನ ಸಿಟ್ಟೆಲ್ಲ ಅಲ್ಲೇ ಇಳಿದುಹೋಯಿತು. ಉಳಿದದ್ದನ್ನೆಲ್ಲ ತಮಗಾಗಿ ತೆಗೆದಿಟ್ಟಿದ್ದೇನೆ.

ಅಂದೇ ಮಧ್ಯಾಹ್ನ ಮಿಸ್ ಕ್ರೆನ್ಷಾ ಮನೆಗೆ ಹೋದೆ. ಕ್ಷಮೆ ಕೇಳಬೇಕಿತ್ತು. ಬಸ್ಸಿನಲ್ಲಿ ಕೂತು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಅವಳು ಬಾಗಿಲು ತೆಗೆದಳು. ರಟ್ಟಿನ ಡಬ್ಬ ಇನ್ನೂ ಬಿಚ್ಚದೆ ನಡುಮನೆಯಲ್ಲಿತ್ತು.

"ನಾನೇ ಕಣೇ ಮಾಡಿದ್ದು," ಎಂದೆ. "ಆ ಚೀಟಿ."

"ಗೊತ್ತು ಮಿಸ್ ವರ್ನೀಟಾ. ಗುರುವಾರಾನೇ ನೋಡಿದ್ದೆ."

"ನೋಡಿದ್ಯಾ? ಮತ್ತೆ ಕಿತ್ತು ಬಿಸಾಕೋಕೆ ನಿಂಗೇನು ಬಂದಿತ್ತು?"

"ಕೈ ಹಾಕಿದ್ದೆ." ಅವಳು ಡಬ್ಬವನ್ನು ಬದಿಗೆ ಸರಿಸಿದಳು. ಆಮೇಲೆ, "ಓದಿದೆ. ಇನ್ನೊಂದ್ಸಲ ಓದಿದೆ. ನಾಲ್ಕು ವರ್ಷದಲ್ಲಿ ನನ್ನ ಬಗ್ಗೆ ಯಾರೂ ಹಂಗೆ ಬರ್ದಿರ್ಲಿಲ್ಲ. ಕೀಳೋಕೆ ಮನಸ್ಸಾಗ್ಲಿಲ್ಲ" ಎಂದಳು. ಮತ್ತೆ, "ಆದ್ರೆ ಅದಕ್ಕೇ ತೆಗೆದ್ರು ಅಂತ ಹೇಳೋಕೂ ಬರಲ್ಲ. ನಾನು ಹೋದ ತಿಂಗ್ಳು ಎರಡು ಸಲ ಲೇಟಾಗಿ ಬಂದಿದ್ದೆ. ಅದಿರ್ಬಹುದಾ?" ಎಂದು ನನ್ನನ್ನೇ ಕೇಳಿದಳು. ನನ್ನನ್ನು!

ಇಲ್ಲಿದೆ ನೋಡಿ ನಿಮ್ಮ ವ್ಯವಸ್ಥೆಯ ಜಾಣತನ. ಸಂಘ ಕಟ್ಟಿದ್ದಕ್ಕೆ ಕೆಲಸದಿಂದ ತೆಗೆಯುವ ಹಾಗಿಲ್ಲ, ಈ ದೇಶದ ಕಾನೂನಿನಲ್ಲಿ ಅದಕ್ಕೆ ನಿಷೇಧವಿದೆ. ಆದರೆ ಕಾರಣ ಹೇಳದೆ ತೆಗೆಯುವುದಕ್ಕೆ ಅಡ್ಡಿಯಿಲ್ಲ. ಹಾಗಾದರೆ ತಾವು ಮಾಡಬೇಕಾದದ್ದೇನು? ಬಾಯಿ ಮುಚ್ಚಿಕೊಂಡಿರುವುದು, ಅಷ್ಟೇ. ಕಾಗದವೇ ಇಲ್ಲದ ಮೇಲೆ ಯಾವ ಹೊರೇಸ್ ಬಂದು ಯಾವ ಗಾಡಿ ನಂಬರು ತೋರಿಸಿಯಾನು? ತೆಗೆದವರು ನೀವು, ಆದರೆ ತಪ್ಪು ಎಲ್ಲಿದೆ ಎಂದು ಹುಡುಕುವ ಕೆಲಸ ಉಳಿದವರದ್ದು. ಅವಳು ತಾನು ತಡವಾಗಿ ಬಂದ ದಿನಗಳನ್ನು ಎಣಿಸುತ್ತಾಳೆ. ನಾನು ನನ್ನ ಚೀಟಿಯ ಮಾತುಗಳನ್ನು ನೆನೆಯುತ್ತೇನೆ. ಅವಳ ಪಕ್ಕದ ತರಗತಿಯ ಟೀಚರು, ತಾನು ಊಟದ ಕೋಣೆಯಲ್ಲಿ ಜೋರಾಗಿ ಮಾತಾಡಿದ್ದಕ್ಕೆ ಹೀಗಾಯಿತೇನೋ ಎಂದು ಫೋನಿನಲ್ಲಿ ಅತ್ತಳಂತೆ. ಹದಿನಾರರಲ್ಲಿ ಒಂಬತ್ತು ಜನ ತಮ್ಮ ಕಾರ್ಡು ವಾಪಸ್ ಕೇಳಿದ್ದಾರೆ. ಯಾರನ್ನೂ ಹೆದರಿಸದೆ, ಒಂದು ಮಾತೂ ಆಡದೆ ಎಲ್ಲರನ್ನೂ ಹೆದರಿಸಿದಿರಿ. ಎಂಥ ಆಡಳಿತ! ನಿಮ್ಮ ವಾರ್ಷಿಕ ವರದಿಯಲ್ಲಿ ಇದಕ್ಕೂ ಒಂದು ಬಣ್ಣದ ಪುಟ ಮೀಸಲಿಡಿ.

ಸಭೆಯಲ್ಲಿ ತಾವು ಒಂದು ಮಾತು ಹೇಳಿದಿರಿ, ನಾನು ಬರೆದುಕೊಂಡಿದ್ದೇನೆ: "ನಮ್ಮ ಪ್ರತಿ ನಿರ್ಧಾರದ ಕೇಂದ್ರದಲ್ಲೂ ಮಗು ಇರುತ್ತದೆ." ಬಹಳ ಸಂತೋಷ. ಹಾಗಾದರೆ ಆ ಮಗುವಿನ ವಿಷಯವನ್ನೇ ಹೇಳುತ್ತೇನೆ.

ಮಿಸ್ ಕ್ರೆನ್ಷಾ ಹೋದ ಮೇಲೆ ಮೂರನೇ ತರಗತಿಗೆ ಇದುವರೆಗೆ ಇಬ್ಬರು ಬದಲಿ ಟೀಚರು ಬಂದುಹೋದರು. ಈಗಿರುವವರು ಮಕ್ಕಳ ಕೈಗೆ ಒಂದೊಂದು ಟ್ಯಾಬ್ ಕೊಟ್ಟು ಕಿವಿಗೆ ಹೆಡ್‌ಫೋನ್ ಹಾಕಿ ಕೂರಿಸುತ್ತಾರೆ. ಅದಾದರೂ ಇರಲಿ. ಜೋನೆಲ್ ಓದುವುದನ್ನೇ ನಿಲ್ಲಿಸಿಬಿಟ್ಟಳು. ತಿಂಡಿಯ ಡಬ್ಬದ ಮೇಲಿನದ್ದು ಓದು ಎಂದರೆ ಬರಲ್ಲ. ಚರ್ಚಿನ ಹಾಡಿನ ಪುಸ್ತಕ ಕೊಟ್ಟರೆ ಬರಲ್ಲ. ತುಟಿ ಬಿಗಿದು ತಲೆಯಾಡಿಸುತ್ತಾಳೆ. ಮೊದಮೊದಲು ಹಟ ಅಂದುಕೊಂಡು ಗದರಿಸಿದೆ. ಮೂರನೇ ವಾರ, ಒಂದು ಶನಿವಾರ ಬೆಳಿಗ್ಗೆ ಅವಳ ಜಡೆ ಹೆಣೆಯುತ್ತಾ ಕೂತಿದ್ದಾಗ ಅವಳಾಗಿಯೇ ಬಾಯಿಬಿಟ್ಟಳು.

"ಅಜ್ಜಿ, ಅವತ್ತು ನಾನು ನಿಂತ್ಕೊಂಡು ಓದ್ತಿದ್ದೆ."

"ಯಾವತ್ತು ಕಂದಾ?"

"ಮಿಸ್ ಕ್ರೆನ್ಷಾ ಹೋದ್ರಲ್ಲ, ಅವತ್ತು. ಒಂದು ಪದ ಬರ್ಲಿಲ್ಲ. ಎರಡು ಸಲ ತಪ್ಪು ಹೇಳ್ದೆ. ಪ್ರಿನ್ಸಿಪಾಲ್ ಬಾಗ್ಲಲ್ಲಿ ನಿಂತು ಕೇಳಿಸ್ಕೋತಿದ್ರು. ಆಮೇಲೆ ಅವ್ರನ್ನ ಕರೆದ್ಬಿಟ್ರು."

ಜಡೆ ಬಿಟ್ಟು ಅವಳ ಹೆಗಲು ಹಿಡಿದೆ.

"ನಾನು ಸರಿಯಾಗಿ ಓದಿದ್ರೆ ಅವ್ರು ಇರ್ತಿದ್ರು, ಅಲ್ವಾ?"

"ಇಲ್ಲ ಚಿನ್ನಾ, ಇಲ್ಲ. ನಿಂದೇನೂ ಇಲ್ಲ ಅದ್ರಲ್ಲಿ. ನಾನೊಂದು ಚೀಟಿ ಬರ್ದಿದ್ದೆ, ಅದರಿಂದ ಆಗಿದ್ದು. ತಪ್ಪು ನಿನ್ನ ಅಜ್ಜೀದು."

ತಿರುಗಿ ನನ್ನ ಮುಖ ನೋಡಿದಳು. ನನ್ನ ಸಮಾಧಾನಗಳನ್ನೆಲ್ಲ ಕೇಳಿ ಬೆಳೆದವಳು, ಅಷ್ಟು ಸುಲಭಕ್ಕೆ ನಂಬುವವಳಲ್ಲ. "ನಿಂಗೆ ಹೆಂಗೆ ಗೊತ್ತು?" ಎಂದಳು. "ಅವ್ರು ಹೇಳಿದ್ರಾ?"

ಮಾನ್ಯರೇ, ನಾನು ಏನು ಹೇಳಲಿ? ನೀವು ಹೇಳಿಲ್ಲ. ನನ್ನ ಹತ್ತಿರ ಕಾಗದವಿಲ್ಲ. ಎಂಟು ವರ್ಷದ ಮಗುವಿಗೆ ತೋರಿಸಲು, ನೋಡು ಇಲ್ಲಿ ಬರೆದಿದೆ, ನೀನಲ್ಲ ಎನ್ನಲು, ನನ್ನ ಬಳಿ ಒಂದು ಸಾಲೂ ಇಲ್ಲ. ಅಂದಿನಿಂದ ಅವಳು ನನ್ನೊಂದಿಗೆ ಈ ಮಾತೇ ಎತ್ತಿಲ್ಲ. ಮಂಡಳಿಯ ಸಭೆಯಲ್ಲಿ, ವಕೀಲರ ಸಲಹೆಯ ಮೇರೆಗೆ, ಒಪ್ಪಂದದ ಇಂಥ ವಿಧಿಯ ಪ್ರಕಾರ ತಾವು ಗಂಭೀರವಾಗಿ ಕಾಪಾಡಿಕೊಂಡು ಬಂದ ಆ ಮೌನ ಬಂದು ಕೂತದ್ದು ಒಂದು ಮಗುವಿನ ಬಾಯಲ್ಲಿ.

ನನ್ನ ಬೇಡಿಕೆ ದೊಡ್ಡದೇನಲ್ಲ. ಈ ತಿಂಗಳ ಕೊನೆಯ ಗುರುವಾರ ನಿಮ್ಮ ಸಭೆಯಿದೆ. ಅಂದು ಮಿಸ್ ಕ್ರೆನ್ಷಾ ಅವರನ್ನು ಯಾಕೆ ತೆಗೆದಿರಿ ಎನ್ನುವುದನ್ನು ಒಂದು ಹಾಳೆಯಲ್ಲಿ ಬರೆದು ತನ್ನಿ. ನನ್ನ ಚೀಟಿಯಿಂದ ಎಂದಾದರೆ ಹಾಗೆಯೇ ಬರೆಯಿರಿ. ನಾನು ಆಗಲೇ ಸರ್ಕಾರದ ಕಾರ್ಮಿಕ ಮಂಡಳಿಯ ಕಚೇರಿಗೆ ಹೋಗಿ, ಆ ಚೀಟಿ ಬರೆದವಳು ನಾನು, ಯಾರ ಮಾತು ಕೇಳಿಯೂ ಬರೆದದ್ದಲ್ಲ ಎಂದು ಪ್ರಮಾಣ ಮಾಡಿ ಸಹಿ ಹಾಕಿ ಬಂದಿದ್ದೇನೆ, ಮುಂದಿನದ್ದನ್ನು ಕಾನೂನು ನೋಡಿಕೊಳ್ಳುತ್ತದೆ. ಚೀಟಿಯಿಂದ ಅಲ್ಲ ಎಂದಾದರೆ ಅದನ್ನೂ ಬರೆಯಿರಿ, ನಿಜವಾದ ಕಾರಣದ ಸಮೇತ. ಬರೆಯಲು ಕಾರಣವೇ ಇಲ್ಲವೆಂದಾದರೆ ಶುಕ್ರವಾರ ಬೆಳಿಗ್ಗೆ ಎಂಟು ಗಂಟೆಗೆ ಅವಳು ಆ ತರಗತಿಯಲ್ಲಿರಬೇಕು. ಬೆಳಿಗ್ಗೆ ತೆಗೆದು ಮಧ್ಯಾಹ್ನಕ್ಕೆ ತರುವುದು ನಿಮಗೆ ಕಷ್ಟವಾಗಲಾರದು.

ಸಭೆಗೆ ನಾನು ಜೋನೆಲ್‌ಳನ್ನು ಕರೆದುಕೊಂಡು ಬರುತ್ತೇನೆ. ಮೊದಲ ಸಾಲಿನಲ್ಲಿ ಕೂರುತ್ತೇವೆ. ನನ್ನ ಪಾಲಿನ ಎರಡು ನಿಮಿಷ ನನಗೆ ಬೇಡ, ಅದನ್ನು ತಾವೇ ತೆಗೆದುಕೊಳ್ಳಿ. ಆ ಹಾಳೆಯನ್ನು ನನಗೆ ಕೊಡಬೇಡಿ, ವಕೀಲರಿಗೂ ಕೊಡಬೇಡಿ. ಎದ್ದು ನಿಂತು, ಆ ಮಗುವಿನ ಮುಖ ನೋಡಿಕೊಂಡು, ಗಟ್ಟಿಯಾಗಿ ಓದಿ. ಒಂದು ಪದ ತೊದಲಿದರೂ ಪರವಾಗಿಲ್ಲ, ಅದಕ್ಕಾಗಿ ನಿಮ್ಮನ್ನು ಯಾರೂ ಕೆಲಸದಿಂದ ತೆಗೆಯುವುದಿಲ್ಲ.

ಇಂತಿ,
ಒಂದು ಕಾಲಕ್ಕೆ ತಮ್ಮ ವಿಶ್ವಾಸಿಯಾಗಿದ್ದ
ವರ್ನೀಟಾ ಹ್ಯಾಲಿಬರ್ಟನ್
ನಿವೃತ್ತ ಬಸ್ ಚಾಲಕಿ, ಜೋನೆಲ್‌ಳ ಅಜ್ಜಿ